ಓಟದ ಬನಿಯನ್ನಿಗೆ ಲೈನಿಂಗ್

ಟೈಲರಕ್ಕ ಹೊಲಿದ ಬಟ್ಟೆ ಹರಿದರೂ ಹರಿದೀತು, ಆದರೆ ಅದರೊಳಗಿನ ಮೈ ಮಾತ್ರ ಕಾಣದು. ಈ ಮಾತನ್ನು ನಮ್ಮ ಬೀದಿಯಲ್ಲಿ ಹಬ್ಬಿಸಿದವಳು ನಾನೇ. ಅವಳ ಬಾಗಿಲ ಎದುರಿಗೇ ನನ್ನ ಇಸ್ತ್ರಿ ಅಂಗಡಿ. ಅವಳು ಹೊಲಿದದ್ದೆಲ್ಲ ಕೊನೆಗೆ ನನ್ನ ಮೇಜಿಗೇ ಬರುತ್ತಿತ್ತು. ಎಂಥ ತೆಳು ಬಟ್ಟೆ ಕೊಟ್ಟರೂ ಒಳಗೊಂದು ಲೈನಿಂಗ್, ಲೈನಿಂಗಿನ ಅಂಚಿಗೊಂದು ಪಟ್ಟಿ, ಆ ಪಟ್ಟಿಗೆ ಎರಡೆರಡು ಸಲ ಹೊಲಿಗೆ. ಇಸ್ತ್ರಿ ಉಜ್ಜಿ ಉಜ್ಜಿ ನನ್ನ ರಟ್ಟೆ ಬಿದ್ದುಹೋಗುತ್ತಿತ್ತು.

"ಅಲ್ಲಕ್ಕಾ, ಇದು ಅಂಗಿಯೋ ಹಾಸಿಗೆಯೋ?" ಎಂದು ರೇಗಿಸುತ್ತಿದ್ದೆ.

"ನೀನು ಸುಮ್ನೆ ಉಜ್ಜು. ಹೆಣ್ಮಕ್ಳು ಬಿಸಿಲಿಗೆ ನಿಂತಾಗ ಬೆಳಕು ಬಟ್ಟೆ ದಾಟಿ ಬರಬಾರ್ದು," ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯಿತು. ಹಟದಲ್ಲಿ ಅವಳದು ಎತ್ತಿದ ಕೈ.

ಹಟ ಇಲ್ಲದಿದ್ದರೆ ಅವಳು ಬದುಕುತ್ತಲೂ ಇರಲಿಲ್ಲ ಬಿಡಿ. ತಾಯಿ ತೀರಿಕೊಂಡಾಗ ತಂಗಿ ಇನ್ನೂ ತೊದಲು ಮಾತಿನ ಕೂಸು. ತಂದೆ ಅದಕ್ಕೂ ಮೊದಲೇ ಮನೆ ಬಿಟ್ಟು ಹೋಗಿದ್ದ. ಹೋದದ್ದೇ ಒಳ್ಳೆಯದಾಯಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಶಾಲೆಗೆ ಹೋಗುವ ವಯಸ್ಸಿನ ಹುಡುಗಿ ತಾಯಿಯ ಹೊಲಿಗೆ ಮೆಷಿನ್ನಿನ ಮುಂದೆ ಕೂತಳು, ಮತ್ತೆ ಏಳಲಿಲ್ಲ. ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಕೋಣೆಯೇ ಅಡುಗೆಮನೆ, ಮಲಗುವುದೂ ಅಲ್ಲೇ. ಒಂದೆರಡು ಕಡೆಯಿಂದ ಮದುವೆ ಮಾತು ಬಂತು. ತಂಗಿಯನ್ನೂ ಜೊತೆಗೆ ಕರೆತರುತ್ತೇನೆ ಎಂದಳು, ಬಂದವರು ಕಾಫಿ ಕುಡಿದು ಎದ್ದು ಹೋದರು. ಅದನ್ನು ಅವಳು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ತಂಗಿಗೆ ಅಕ್ಕನೂ ಅವಳೇ, ಅಮ್ಮನೂ ಅವಳೇ ಆದಳು.

ಆ ತಂಗಿ ಕಾಲು ನೆಲಕ್ಕೆ ತಾಗದ ಹುಡುಗಿ. ಸಾಮಾನು ತರಲು ಕಳಿಸಿದರೆ ನಾನು ಒಂದು ಅಂಗಿ ಮಡಚುವಷ್ಟರಲ್ಲಿ ವಾಪಸ್ಸು ಬಂದಿರುತ್ತಿದ್ದಳು. ನಾವೆಲ್ಲ ಅವಳನ್ನು ಚಿಗರೆ ಎಂದೇ ಕರೆಯುತ್ತಿದ್ದೆವು. ಚಿಗರೆಗೆ ಬೇಕಾಗಿದ್ದದ್ದು ಒಂದೇ, ಅಗ್ನಿಶಾಮಕ ದಳದ ಕೆಲಸ. ಏಣಿ ಹತ್ತಬೇಕು, ನೀರಿನ ಪೈಪು ಹೊರಬೇಕು. "ನಿನ್ನ ಹಾಗೆ ಬೆನ್ನು ಬಗ್ಗಿಸ್ಕೊಂಡು ಕೂತು ಬದುಕೋಕೆ ನನ್ನಿಂದಾಗಲ್ಲಕ್ಕ," ಎಂದು ಮುಖಕ್ಕೇ ಹೇಳಿಬಿಟ್ಟಿದ್ದಳು. ಅಕ್ಕನಿಗೆ ನೋವಾಯಿತು, ಹೆಮ್ಮೆಯೂ ಆಯಿತು. ಹಿಂದಿನ ಸಲ ಚಿಗರೆ ಬರೆಯುವ ಪರೀಕ್ಷೆಯಲ್ಲಿ ಗೆದ್ದು ಓಟದಲ್ಲಿ ಕೂದಲೆಳೆಯಲ್ಲಿ ಸೋತಿದ್ದಳು. ವಯಸ್ಸಿನ ಮಿತಿ ಮುಗಿಯುತ್ತಾ ಬಂದಿತ್ತು. ಈ ಸಲ ತಪ್ಪಿದರೆ ಮತ್ತೆ ಅವಕಾಶವಿರಲಿಲ್ಲ.

ಮೈದಾನದಲ್ಲಿ ಓಟ ಹೇಳಿಕೊಡುತ್ತಿದ್ದ ಮುದುಕನನ್ನು ಸೀಟಿ ಮೇಷ್ಟ್ರು ಎನ್ನುತ್ತಿದ್ದರು. ಸೀಟಿ ಬಾಯಲ್ಲಿಲ್ಲದಾಗ ಅವರು ಬೈಯುತ್ತಿರುತ್ತಿದ್ದರು. ಓಟದ ಪರೀಕ್ಷೆ ಬೇಸಿಗೆಯಲ್ಲೇ ಎಂದು ಗೊತ್ತಾದ ದಿನ ಅವರು ಚಿಗರೆಗೆ ಹೇಳಿ ಕಳಿಸಿದರು: ಅಕ್ಕನ ಹಳೆಯ ಕುರ್ತಾ ತೊಟ್ಟು ಓಡಿದ್ದು ಸಾಕು. ಬಿಳಿ ಬಣ್ಣದ, ತೆಳ್ಳನೆಯ, ಸಡಿಲ ಬನಿಯನ್ ಬೇಕು. ಹತ್ತಿ ಬೇಡ, ಅದು ಬೆವರು ಕುಡಿದು ಒಣಗದೆ ಕೂರುತ್ತದೆ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ.

ನಾವು ಮೂವರೂ ಆಟದ ಸಾಮಾನಿನ ಅಂಗಡಿಗೆ ಹೋದೆವು. ಶೂ ಆರಿಸುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಮೇಲ್ಭಾಗ ಬಲೆಯಂತಿರುವ ಶೂ ತೊಡಿಸಿ, ಅಂಗಡಿಯವನು ಹೆಬ್ಬೆರಳಿಂದ ಮುಂಭಾಗ ಒತ್ತಿ ನೋಡಿದ. "ಇಷ್ಟು ಜಾಗ ಇರ್ಲಿ ತಾಯಿ. ಬಿಸಿಲಲ್ಲಿ ಓಡಿದ್ರೆ ಪಾದ ಊದುತ್ತೆ, ಬಿಗಿ ಆದ್ರೆ ಉಗುರು ಹೋಗುತ್ತೆ," ಎಂದ. ತೆಳು ಕಾಲುಚೀಲ, ಬಿಳಿ ಟೋಪಿ, ಕುತ್ತಿಗೆಗೆ ಒದ್ದೆ ಮಾಡಿ ಕಟ್ಟಿಕೊಳ್ಳಲು ಒಂದು ಕರವಸ್ತ್ರ. ಆಮೇಲೆ ಬನಿಯನ್ ಬಂತು. ಟೈಲರಕ್ಕ ಅದನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿದಳು. ಬಟ್ಟೆ ಹಿಡಿದು ನೋಡುವಾಗ ಅವಳ ಮುಖ ನಾಡಿ ನೋಡುವ ಡಾಕ್ಟರದ್ದು.

"ಇದು ಬಟ್ಟೆನಾ, ಸೊಳ್ಳೆ ಪರದೆನಾ?"

"ಗಾಳಿ ಆಡ್ಬೇಕಲ್ಲಕ್ಕ," ಎಂದು ಅಂಗಡಿಯವನು ನಕ್ಕ.

"ಕಪ್ಪು ಕೊಡಿ ಹಾಗಾದ್ರೆ. ಕಪ್ಪಾದ್ರೆ ಏನೂ ಕಾಣಲ್ಲ."

"ಅಕ್ಕಾ, ಕಪ್ಪು ಬಿಸಿಲು ಎಳ್ಕೊಳ್ಳುತ್ತೆ. ಮೇಷ್ಟ್ರು ಬಿಳೀದೇ ಅಂದಿದ್ದಾರೆ," ಎಂದಳು ಚಿಗರೆ. ಅಕ್ಕ ಮುಖ ಗಂಟಿಕ್ಕಿಕೊಂಡೇ ಬಿಳಿಯದಕ್ಕೆ ದುಡ್ಡು ಕೊಟ್ಟಳು.

ಮನೆಗೆ ಬಂದವಳು ಒಳಗೂ ಹೋಗಲಿಲ್ಲ, ನೇರ ನನ್ನ ಮೇಜಿಗೆ ಬಂದಳು. ಬನಿಯನ್ ಹಾಸಿ, ನಾನು ಇಸ್ತ್ರಿಗೆ ಚಿಮುಕಿಸುವ ನೀರನ್ನು ಅದಕ್ಕೆ ಚಿಮುಕಿಸಿ, ಅಡಿಯಲ್ಲಿ ತನ್ನ ಅಂಗೈ ಇಟ್ಟಳು. "ನೋಡು. ಕೈಯ ರೇಖೆ ಕೂಡ ಕಾಣ್ತಿದೆ," ಎಂದಳು. ಕಾಣುತ್ತಿತ್ತು, ನಿಜ.

"ಬೇರೆ ಹುಡುಗೀರೆಲ್ಲ ಇದನ್ನೇ ಹಾಕೋದು," ಎಂದಳು ಚಿಗರೆ.

"ಹೋದ ವರ್ಷದ ಹುಡುಗೀನೂ ಇದನ್ನೇ ಹಾಕಿದ್ಲು."

ಮೈದಾನದ ಸುತ್ತ ಒಂದು ಗೋಡೆ. ಹುಡುಗಿಯರ ಓಟ ಇದ್ದ ದಿನ ಆ ಗೋಡೆಯ ಮೇಲೆ ಕೆಲಸವಿಲ್ಲದ ಗಂಡಸರು ಸಾಲಾಗಿ ಕೂರುತ್ತಿದ್ದರು, ಫೋನು ಹಿಡಿದು. ಹೋದ ವರ್ಷ ಬೆವರಲ್ಲಿ ಬನಿಯನ್ ಮೈಗಂಟಿದ ಒಬ್ಬ ಹುಡುಗಿಯ ವಿಡಿಯೋ ಊರೆಲ್ಲ ಓಡಾಡಿತ್ತು. ಓಟದಲ್ಲಿ ಆಕೆ ಗೆದ್ದಿದ್ದಳೋ ಸೋತಿದ್ದಳೋ ಯಾರಿಗೂ ನೆನಪಿರಲಿಲ್ಲ. ಮನೆಯವರು ಆಕೆಯನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದರು. ಆ ಗಂಡಸರ ಕಣ್ಣಿಗೆ ನನ್ನ ಇಸ್ತ್ರಿಪೆಟ್ಟಿಗೆಯ ಕೆಂಡ ಸುರಿಯಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಟೈಲರಕ್ಕನ ಭಯ ಹುಚ್ಚಲ್ಲ, ಇಷ್ಟು ಮಾತ್ರ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅವಳು ಲೈನಿಂಗ್ ಹಾಕಿದಳು. ತನ್ನಲ್ಲಿದ್ದ ಅತಿ ಒಳ್ಳೆಯ ಹತ್ತಿ ಬಟ್ಟೆ ಆರಿಸಿ, ನೆನೆಸಿ ಒಣಗಿಸಿ, ಬನಿಯನ್ನಿನ ಒಳಗೆ ಮುಂದಕ್ಕೂ ಹಿಂದಕ್ಕೂ ಕೊಟ್ಟಳು. ಓಡುವಾಗ ಮೇಲೇಳಬಾರದೆಂದು ಸೊಂಟದ ಸುತ್ತ ಎಲಾಸ್ಟಿಕ್ ಹೊಲಿದು ಬಿಗಿ ಮಾಡಿದಳು. ಚಡ್ಡಿಯ ಕೆಳಗೆ ಮೊಣಕಾಲು ಮುಚ್ಚುವ ಇನ್ನೊಂದು ಚಡ್ಡಿ. ಹೊಲಿಗೆ ಎಷ್ಟು ಅಚ್ಚುಕಟ್ಟೆಂದರೆ, ಅಂಗಡಿಯಿಂದ ಹಾಗೆಯೇ ಬಂದದ್ದು ಅನ್ನಬೇಕು.

"ಹತ್ತಿ ಬೇಡ ಅಂದಿದ್ರು ಮೇಷ್ಟ್ರು," ಎಂದಳು ಚಿಗರೆ.

"ಮೇಷ್ಟ್ರು ಸೀಟಿ ಊದಿದ್ದಾರೆ, ಬಟ್ಟೆ ಹೊಲಿದಿಲ್ಲ. ಹತ್ತಿಗಿಂತ ತಂಪು ಯಾವ್ದಿದೆ? ಬೇಸಿಗೇಲಿ ಜನ ನನ್ನ ಹತ್ರ ಏನು ಹೊಲಿಸ್ಕೋತಾರೆ ಹೇಳು?"

ನೆರಳಲ್ಲಿ ಕೂರುವವರಿಗೆ ಹೊಲಿದು ಹೊಲಿದು ಅವಳಿಗೆ ಹತ್ತಿಯ ಒಂದೇ ಗುಣ ಗೊತ್ತಿತ್ತು. ಬೆಳಗಿನ ತಂಪಲ್ಲಿ ಚಿಗರೆ ಅದನ್ನೇ ತೊಟ್ಟು ಓಡಿ ನೋಡಿದಳು, ಏನೂ ತೊಂದರೆಯಾಗಲಿಲ್ಲ. ಆದರೂ ಮೇಷ್ಟ್ರು ಅಂಚು ಹಿಡಿದು ನೋಡಿ ಬೈದರಂತೆ. ಬಿಚ್ಚಿಕೊಡು ಎಂದು ಚಿಗರೆ ಬಂದು ಕೇಳಿದಳು. ಟೈಲರಕ್ಕ ಮೆಷಿನ್ನಿನಿಂದ ತಲೆ ಎತ್ತಲಿಲ್ಲ.

"ಓಡೋದಾದ್ರೆ ಇದ್ರಲ್ಲೇ ಓಡು. ಇಲ್ಲಾಂದ್ರೆ ಮನೇಲಿರು."

ಚಿಗರೆ ಬನಿಯನ್ ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ, "ಸರಿ ಬಿಡಕ್ಕ," ಎಂದಳು.

ಪರೀಕ್ಷೆಯ ದಿನ ಬೆಳಗಾಗುವ ಮೊದಲೇ ಮೈದಾನದಲ್ಲಿರಿ ಎಂದಿದ್ದರು. ಇದ್ದೆವು. ಪರೀಕ್ಷೆ ನಡೆಸುವ ಸಾಹೇಬರು ಮಾತ್ರ ಬಿಸಿಲೇರುವವರೆಗೆ ಬರಲಿಲ್ಲ. ಬಂದ ಮೇಲೆ ಗಂಡು ಹುಡುಗರನ್ನು ಮೊದಲು ಓಡಿಸಿದರು. ಹುಡುಗಿಯರನ್ನು ಮರವಿಲ್ಲದ ಬಯಲಲ್ಲಿ ಸಾಲಾಗಿ ನಿಲ್ಲಿಸಿದ್ದರು, ಸಾಲು ಬಿಟ್ಟರೆ ಹೆಸರು ಹೊಡೆಯುತ್ತೇವೆ ಎಂದು ಹೆದರಿಸಿ. ಸೂರ್ಯ ನೆತ್ತಿಗೆ ಬಂದ. ಸಾಹೇಬರು ಮಾತ್ರ ಶಾಮಿಯಾನದ ಕೆಳಗೆ ಫ್ಯಾನು ಹಾಕಿಸಿಕೊಂಡು ಕೂತಿದ್ದರು. ಅವರ ನೀರಿನ ಬಾಟಲಿಗಳ ಮೇಲೆ ಹನಿ ಇಳಿಯುತ್ತಿದ್ದದ್ದು ಓಟದ ಜಾಗದ ಸುತ್ತ ಕಟ್ಟಿದ್ದ ಬೇಲಿಯಾಚೆ ನಿಂತ ನಮಗೂ ಕಾಣುತ್ತಿತ್ತು.

ಅಂತೂ ಹುಡುಗಿಯರ ಓಟಕ್ಕೆ ಸೀಟಿ ಊದಿದರು. ಗೋಡೆಯ ಮೇಲೆ ಫೋನುಗಳು ಎದ್ದವು. ಚಿಗರೆ ನಮ್ಮ ಮುಂದೆ ಹಾದಾಗ ಬನಿಯನ್ ಆಗಲೇ ತೊಯ್ದು ತೊಪ್ಪೆಯಾಗಿತ್ತು. ಟೈಲರಕ್ಕ ನನ್ನ ಕೈ ಹಿಸುಕಿ, "ನೋಡಿದ್ಯಾ? ಏನೂ ಕಾಣ್ತಿಲ್ಲ," ಎಂದಳು. ಅಷ್ಟು ಸಂತೋಷವಾಗಿ ಅವಳು ಮಾತಾಡಿದ್ದು ನಾನು ಅದಕ್ಕೆ ಮೊದಲು ಕೇಳಿಲ್ಲ, ಆಮೇಲಂತೂ ಕೇಳಿಲ್ಲ.

ಕೊನೆಯ ಸುತ್ತಿನಲ್ಲಿ ಚಿಗರೆಯ ಕಾಲು ಅಡ್ಡಾದಿಡ್ಡಿ ಬೀಳತೊಡಗಿತು. ಆದರೂ ಎಲ್ಲರಿಗಿಂತ ಮುಂದೆಯೇ ಇದ್ದಳು. ಗೆರೆ ದಾಟಿದಳು. ದಾಟಿದ ಮೇಲೂ ನಿಲ್ಲಲಿಲ್ಲ. ಓಡುತ್ತಾ ಬಂದು ನಾವು ನಿಂತಿದ್ದ ಬೇಲಿಗೇ ಡಿಕ್ಕಿ ಹೊಡೆದು ಬಿದ್ದಳು. ನಾವು ಬೇಲಿ ನುಗ್ಗಿ ಹೋದೆವು. ಕಣ್ಣು ತೆರೆದೇ ಇತ್ತು. "ಅಕ್ಕಾ, ಮೆಷಿನ್ ನಿಲ್ಸು, ಶಬ್ದ ಜಾಸ್ತಿ ಆಗ್ತಿದೆ," ಎಂದಳು. ಹಣೆ ಮುಟ್ಟಿದೆ; ಕೆಂಡ.

ಮೇಷ್ಟ್ರು ಓಡಿ ಬಂದರು, ಹಿಂದೆಯೇ ಔಷಧಿ ಪೆಟ್ಟಿಗೆ ಹಿಡಿದ ನರ್ಸಮ್ಮ. "ಬಟ್ಟೆ ಕತ್ತರಿಸಿ! ನೀರು ಸುರೀರಿ, ಇಲ್ಲೇ, ಈಗ್ಲೇ!" ಎಂದು ಮೇಷ್ಟ್ರು ಕೂಗಿದರು. ಯಾರೋ ಕೊಡ ತಂದರು. ನರ್ಸಮ್ಮ ಕತ್ತರಿ ತೆಗೆದಳು.

ಟೈಲರಕ್ಕ ಗೋಡೆಯ ಕಡೆ ನೋಡಿದಳು. ಗೋಡೆಯ ಮೇಲಿದ್ದವರು ಇಳಿದು ಹತ್ತಿರ ಬರುತ್ತಿದ್ದರು, ಕೈಯಲ್ಲಿ ಫೋನು. ಅವಳು ತಂಗಿಯ ಮೇಲೆ ಬಿದ್ದು ಎರಡೂ ಕೈಯಿಂದ ತಬ್ಬಿಕೊಂಡಳು. "ಇಲ್ಲಿ ಬೇಡ! ನಿಮ್ಮ ಕಾಲು ಹಿಡೀತೀನಿ, ಇಲ್ಲಿ ಬೇಡ. ಒಳಗೆ ಕರ್ಕೊಂಡು ಹೋಗೋಣ."

ಬಿಡಿಸಲು ಆಗಲಿಲ್ಲ. ಮೇಷ್ಟ್ರು ಕೂಗಿದರು, ನಾನೂ ಎಳೆದೆ. ಕೊನೆಗೆ ಹೊತ್ತುಕೊಂಡೇ ಹೊರಟೆವು. ಹೆಂಗಸರ ಕೋಣೆ ಮೈದಾನದ ಆ ತುದಿಯಲ್ಲಿ. ಬೀಗ ಹಾಕಿತ್ತು. ಬೀಗದ ಕೈಯವನು ಊಟಕ್ಕೆ ಹೋಗಿದ್ದ. ಯಾರೋ ಅವನನ್ನು ಹುಡುಕಲು ಓಡಿದರು. ಬಾಗಿಲು ತೆಗೆಯುವಷ್ಟರಲ್ಲಿ ಚಿಗರೆ ಮಾತು ನಿಲ್ಲಿಸಿದ್ದಳು. ಒಳಗೆ ನಲ್ಲಿಯಲ್ಲಿ ನೀರಿರಲಿಲ್ಲ, ಕೊಡ ಅಲ್ಲಿ ಬಯಲಲ್ಲೇ ಉಳಿದಿತ್ತು. ನರ್ಸಮ್ಮನ ಸಣ್ಣ ಕತ್ತರಿ ಆ ಎಲಾಸ್ಟಿಕ್ಕಿನ ಮೇಲೆ, ಆ ಡಬಲ್ ಹೊಲಿಗೆಯ ಮೇಲೆ ಜಾರುತ್ತಿತ್ತು. ಟೈಲರಕ್ಕ ಅದನ್ನು ಕಿತ್ತುಕೊಂಡು ತನ್ನ ಹೊಲಿಗೆಯನ್ನು ತಾನೇ ಕತ್ತರಿಸಿದಳು. ಕತ್ತರಿ ಸಾಲದ ಕಡೆ ಹಲ್ಲು ಹಾಕಿದಳು. ಬಿಚ್ಚಿದ ಲೈನಿಂಗಿನಿಂದ ಹಬೆ ಎದ್ದಂತೆ ಬಿಸಿ ಬಡಿಯಿತು.

ಮರುದಿನ ಚಿಗರೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಬಿದ್ದ ಜಾಗದಲ್ಲೇ ಮೈ ತಣಿಸಿದ್ದರೆ ಉಳಿಯುತ್ತಿದ್ದಳೇನೋ ಎಂದರು ಡಾಕ್ಟರು. ಹೇಳದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ. ನನಗೆ ಆ ಸಾಹೇಬರ ಮೇಲೆ ಸಿಟ್ಟು, ಗೋಡೆಯವರ ಮೇಲೆ ಸಿಟ್ಟು. ಟೈಲರಕ್ಕನ ಮೇಲೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅವಳನ್ನು ನೋಡಿದ ಮೇಲೆ ಆ ಸಿಟ್ಟು ಉಳಿಯಲಿಲ್ಲ. ನಾವು ಹುಡುಗಿಯನ್ನು ಹೊತ್ತುಕೊಂಡು ಹೋಗುವ ವಿಡಿಯೋ ಕೂಡ ಊರೆಲ್ಲ ಓಡಾಡಿತು. ಅದರಲ್ಲಿ ಎಲ್ಲೂ ಮೈ ಕಾಣುವುದಿಲ್ಲ.

ಹೊಟ್ಟೆ ಕೇಳಬೇಕಲ್ಲ, ಟೈಲರಕ್ಕ ಮತ್ತೆ ಮೆಷಿನ್ನಿಗೆ ಕೂತಳು. ಮಾತು ಕಡಿಮೆಯಾಯಿತು. ನಾನು ರೇಗಿಸುವುದನ್ನು ಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಒಬ್ಬ ತಾಯಿ ಬಂದಳು, ಚೀಲದಲ್ಲಿ ಅಂಥದ್ದೇ ಬಿಳಿ ಬನಿಯನ್. ಮಗಳಿಗೆ ಓಟದ ಪರೀಕ್ಷೆಯಂತೆ.

"ಒಳಗೊಂದು ಲೈನಿಂಗ್ ಹಾಕ್ಕೊಡಿ ಅಕ್ಕ. ಒದ್ದೆಯಾದ್ರೆ ಎಲ್ಲಾ ಕಾಣುತ್ತೆ."

"ಹಾಕಲ್ಲ," ಎಂದಳು ಟೈಲರಕ್ಕ.

"ಅಯ್ಯೋ, ಕಾಣುತ್ತಲ್ಲ?"

"ಕಾಣ್ಲಿ."

ಆ ತಾಯಿ ಮುಖ ಕೆಂಪಗೆ ಮಾಡಿಕೊಂಡಳು. ಇಂಥ ಮಾತನ್ನು ಹೆಂಗಸೊಬ್ಬಳ ಬಾಯಲ್ಲಿ ಕೇಳುತ್ತೇನೆಂದು ಅವಳು ಬಂದಿರಲಿಲ್ಲ. ಹಿಂದಿನ ಬೀದಿಯಲ್ಲೂ ಟೈಲರ್ ಇದ್ದಾನೆ ಎಂದು ಗೊಣಗುತ್ತಾ ಬನಿಯನ್ ಚೀಲಕ್ಕೆ ತುರುಕಿಕೊಂಡು ಹೊರಟೇಬಿಟ್ಟಳು.

ಟೈಲರಕ್ಕ ಸೂಜಿಯ ಕೆಳಗಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟಳು. ಎದ್ದಳು. ಸ್ಟೂಲು ಉರುಳಿಬಿತ್ತು. ಚಪ್ಪಲಿ ಹಾಕಿಕೊಳ್ಳಲಿಲ್ಲ. ಆ ಉರಿಬಿಸಿಲಲ್ಲಿ, ಕಾದ ರಸ್ತೆಯ ಮೇಲೆ, ತಲೆಕೂದಲು ಕೆದರಿ, ಸೆರಗು ಜಾರಿ ನೆಲದಲ್ಲಿ ಎಳೆಯುತ್ತಿದ್ದರೂ ಎತ್ತಿಕೊಳ್ಳದೆ, "ನಿಲ್ಲಮ್ಮಾ, ನಿಲ್ಲೇ ತಾಯಿ!" ಎಂದು ಕೂಗುತ್ತಾ ಆ ಹೆಂಗಸಿನ ಹಿಂದೆ ಓಡಿದಳು. ಬೀದಿಯ ಬಾಗಿಲುಗಳೆಲ್ಲ ತೆರೆದು ಜನ ಅವಳನ್ನು ನೋಡಿದರು.