ಖಾಜಾಬಿ ಖಾಲಾ ಸುಮ್ಮನೆ ಕೂತ ದಿನ

ಪರದೆಯ ಮೇಲೆ ನಾಯಕಿ ಮಾತು ಶುರು ಮಾಡುತ್ತಿದ್ದಂತೆ ನೆರೆಮನೆಯ ಖಾಜಾಬಿ ಖಾಲಾ ಕೂಡ ಬಾಯಿ ತೆರೆದಳು. ಅವ್ವ ತಟ್ಟನೆ ಅವಳ ಕೈ ಹಿಡಿದಳು. "ಇವತ್ತ ನೀ ಹೇಳೂದು ಬ್ಯಾಡ ಖಾಜಾಬಿ. ನಮಗ ತಿಳಿಯಾಕತ್ತೈತಿ."

ಸುರಪುರ ಹೈದರಾಬಾದ್ ಬಿಟ್ಟು ಕನ್ನಡ ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಗಣರಾಜ್ಯೋತ್ಸವ. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಅಂದು ಕನ್ನಡ ಚಿತ್ರ. ಅಲ್ಲಿಯವರೆಗೆ ಬರುತ್ತಿದ್ದುದೆಲ್ಲ ಹಿಂದಿ. ಹೆಂಗಸರ ನಡುವೆ ಕೂತು ಖಾಲಾ ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದಳು. ಅವಳಿಲ್ಲದೆ ನಮ್ಮ ಓಣಿಯವರು ಸಿನಿಮಾಕ್ಕೆ ಹೋದದ್ದೇ ಇಲ್ಲ.

ಅಂದು ಯಾರೂ ಅವಳತ್ತ ತಿರುಗಲಿಲ್ಲ. ಸೆರಗಿನ ತುದಿ ತಿರುವುತ್ತ ಚಡಪಡಿಸಿದಳು. ನಾಯಕಿ ತವರು ಬಿಡುವ ಹೊತ್ತಿಗೆ ನೋಡಿದರೆ ಖಾಲಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವ್ವ ಗಾಬರಿಯಾದಳು: "ನಾ ಹಂಗಂದದ್ದಕ್ಕ ಬ್ಯಾಸರಾತೇನ?"

ಖಾಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇಲ್ರೀ ಅಕ್ಕಾ. ಇಷ್ಟ ವರ್ಷ ನಿಮಗ ಹೇಳೂದ್ರಾಗ, ಅಳಾಕ ನನಗ ಪುರಸೊತ್ತ ಎಲ್ಲಿತ್ತು?"

ಈಗ ಜನವರಿ ಇಪ್ಪತ್ತಾರಕ್ಕೆ ಟಿವಿಯಲ್ಲಿ ಹಳೆಯ ಕನ್ನಡ ಚಿತ್ರ ಬಂದರೆ ಮನೆಯಲ್ಲಿ ನಾನೊಬ್ಬಳೇ ನೋಡುವವಳು. ಅಳು ಬಂದರೆ ಕಣ್ಣೊರೆಸಿಕೊಳ್ಳುವುದಿಲ್ಲ. ಖಾಲಾಳ ಪಾಲಿನದೂ ಅದರಲ್ಲಿದೆ, ಹರಿಯಲಿ ಎಂದು ಬಿಡುತ್ತೇನೆ.