ಬಾಗಿಲ ಹತ್ತಿರ ಕಪ್ಪಾಗುವ ಪರದೆ

ನಾನು ದೆವ್ವ ನಂಬುವವಳಲ್ಲ. ಶಹಾಬಾದಿನ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ನನ್ನದು. ಜ್ವರ ಅಂದರೆ ಅದಕ್ಕೊಂದು ಕಾರಣ ಇರುತ್ತದೆ, ಇವತ್ತಲ್ಲ ನಾಳೆ ಅದು ಸಿಕ್ಕೇ ಸಿಗುತ್ತದೆ ಅನ್ನುವ ಧಿಮಾಕು ನನಗೆ ಮೊದಲಿನಿಂದಲೂ ಇದೆ. ಆದರೂ ಗಂಡ ತೀರಿಕೊಂಡ ಮೇಲೆ, ವಾಡಿಯ ನಮ್ಮ ಮನೆಯಲ್ಲಿ ಅವರ ಕಂಪ್ಯೂಟರಿನ ಮುಂದೆ ಕೂತಾಗಲೆಲ್ಲ ನನ್ನ ಬೆನ್ನು ತಣ್ಣಗಾಗುತ್ತಿತ್ತು. ಅದು ಸುಳ್ಳಂತ ಹೇಳಲಾರೆ.

ಅವರು ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದರು. ಡ್ಯೂಟಿ ಮುಗಿಸಿ ಬಂದರೆ ಊಟ, ಊಟ ಆದರೆ ಕಂಪ್ಯೂಟರ್. ಆಟ ಆಡಲೆಂದೇ ಬಿಡಿಬಿಡಿ ಭಾಗ ತರಿಸಿ ತಾವೇ ಜೋಡಿಸಿದ ಯಂತ್ರ ಅದು. ಒಳಗೆ ಇಟ್ಟಿಗೆಯಷ್ಟು ದಪ್ಪದ ಒಂದು ಗ್ರಾಫಿಕ್ಸ್ ಕಾರ್ಡ್ ಇತ್ತು. ಪರದೆಯ ಮೇಲೆ ಕಾಣುವ ಗಿಡ, ನೀರು, ಬೆಳಕು ಎಲ್ಲವನ್ನೂ ಬರೆಯುವುದು ಅದೇ ಅಂತ ಅವರು ತಿಳಿಸಿ ಹೇಳಿದ್ದರು. ಗೊರಗುಟ್ಟುವ ಎರಡು ಫ್ಯಾನಿನ ಆ ಕಾರ್ಡನ್ನು ನಾನು ಸವತಿ ಅನ್ನುತ್ತಿದ್ದೆ. ಅವರು ನಗುತ್ತಿದ್ದರು, ಆದರೆ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಕಲಬುರಗಿಯ ಆಸ್ಪತ್ರೆ ಮುಟ್ಟಲಿಲ್ಲ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಬರೆಯಲು ಕೂತರೆ ಮುಂದಿನದು ಬರುವುದಿಲ್ಲ.

ಮಾತಾಡಿಸಲು ಬಂದವರಲ್ಲಿ ಅವರ ಗೆಳೆಯನೊಬ್ಬ ಇದ್ದ. ಕುರಕುಂಟಾದವನು, ಸೇಡಂನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ತನ್ನ ಮನೆಯಿಂದ ಅವನು, ನಮ್ಮ ಮನೆಯಿಂದ ಇವರು, ಇಬ್ಬರೂ ಸೇರಿ ಒಂದೇ ಆಟ ಆಡುತ್ತಿದ್ದರಂತೆ. ಖಾಲಿ ನೆಲದ ಮೇಲೆ ಗಿಡ ನೆಟ್ಟು, ದಾರಿ ಹಾಕಿ, ಮನೆ ಕಟ್ಟುವ ಆಟ. ಹೊರಡುವಾಗ ಅವನು ಚಪ್ಪಲಿ ಮೆಟ್ಟುತ್ತ ಅಂದ:

"ವೈನಿ, ಅಣ್ಣ ಅದರಾಗ ನಿಮಗಂತ ಒಂದು ಮನಿ ಕಟ್ಟಾಕತ್ತಿದ್ದ. ಯಾರಿಗೂ ಒಳಗ ಬಿಡ್ತಿದ್ದಿಲ್ಲ. ನಿಮಗ ಹೇಳಿದ್ದನೋ ಇಲ್ಲೋ?"

ಹೇಳಿರಲಿಲ್ಲ. ನನ್ನ ತವರು ಚಿಂಚೋಳಿ ತಾಲೂಕಿನ ಕುಂಚಾವರಂ. ಕಾಡಿನ ಮಗ್ಗುಲಿನ ಊರು, ಎಲೆಯ ಮೇಲೆ ಧೂಳು ಕೂರದೆ ಹಸಿರಾಗಿಯೇ ಇರುವ ಊರು. ಅಲ್ಲಿಂದ ವಾಡಿಗೆ ಬಂದವಳಿಗೆ ಮೊದಲು ಸಿಕ್ಕಿದ್ದು ಗಂಡನಲ್ಲ, ಸಿಮೆಂಟ್ ಕಾರ್ಖಾನೆಯ ಧೂಳು. ಒಣಹಾಕಿದ ಸೀರೆ ಮಡಚುವಾಗ ಕೈಗೆ ಪುಡಿ ಹತ್ತುತ್ತಿತ್ತು. ಧೂಳಿಲ್ಲದ ಕಡೆ ಒಂದು ಮನೆ ಮಾಡೋಣ, ಕುಂಚಾವರಂ ದಾರಿಯಲ್ಲಿ ಆದರೂ ಸರಿ ಅಂತ ನಾನು ತಲೆ ತಿನ್ನುತ್ತಿದ್ದೆ. ನೋಡೋಣಂತ ಅನ್ನುತ್ತಿದ್ದರು ಅವರು. ಅವರ ನೋಡೋಣಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ ಅಂದುಕೊಂಡಿದ್ದೆ.

ಗೆಳೆಯ ಹೋದ ಮೇಲೆ ಒಂದು ಭಾನುವಾರ ಕಂಪ್ಯೂಟರ್ ಹಚ್ಚಿದೆ. ಆಟ ತೆರೆಯಿತು. ತೇಗದ ಗಿಡಗಳು, ನಡುವೆ ಕಾಲುದಾರಿ, ಮುಂದೆ ಒಂದು ಕೆರೆ, ಕೆರೆಯ ಮೇಲೆ ಮರದ ಸೇತುವೆ, ಅದರಾಚೆ ಹೆಂಚಿನ ಮನೆ, ನೀಲಿ ಬಾಗಿಲು. ನನ್ನ ತವರಿನ ಬಾಗಿಲಿನ ನೀಲಿ. ನಾನು ಅಳುತ್ತಲೇ ಸೇತುವೆ ಏರಿದೆ. ಹಲಗೆಯ ಮೇಲೆ ಹೆಜ್ಜೆ ಸಪ್ಪಳ ಕೇಳಿಸುತ್ತಿತ್ತು. ಬಾಗಿಲು ಇನ್ನೇನು ಕೈಗೆ ಸಿಗಬೇಕು, ಅಷ್ಟರಲ್ಲಿ ಫ್ಯಾನುಗಳು ಹುಯ್ಯಂತ ಎದ್ದವು, ಪರದೆ ಕಪ್ಪಾಯಿತು. ಆದರೆ ಸಪ್ಪಳ ನಿಲ್ಲಲಿಲ್ಲ. ಒಂದೇ ಹೆಜ್ಜೆ ಸಿಕ್ಕಿಹಾಕಿಕೊಂಡು, ಟಕ್ ಟಕ್ ಟಕ್ ಅಂತ ಕತ್ತಲಲ್ಲಿ ನಡೆಯುತ್ತಲೇ ಇತ್ತು. ಆಮೇಲೆ ಯಂತ್ರವೇ ಆರಿತು.

ಅಡುಗೆಮನೆಯಿಂದ ಅತ್ತೆ ಬಂದು ನಿಂತಿದ್ದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತಿದ್ದರು.

"ಅವ ನಡೀಲಿಕತ್ತಾನ," ಅಂದರು.

"ಹಂಗೇನಿಲ್ರಿ ಅತ್ತಿ. ಮಷಿನ್ ಕೆಟ್ಟದ."

"ನನ್ನ ಮಗನ ಹೆಜ್ಜಿ ನನಗ ಗೊತ್ತಾಗಂಗಿಲ್ಲೇನು?"

ಅವತ್ತಿನಿಂದ ನಾನು ಯಂತ್ರದ ಮುಂದೆ ಕೂತರೆ ಸಾಕು, ಅತ್ತೆ ಬಂದು ನನ್ನ ಹಿಂದೆ ಕೂರುತ್ತಿದ್ದರು. ನಾನು ಕಾಯುತ್ತಿದ್ದುದು ಬಾಗಿಲು ತೆರೆಯಲಿ ಅಂತ. ಅವರು ಕಾಯುತ್ತಿದ್ದುದು ಪರದೆ ಕಪ್ಪಾಗಲಿ ಅಂತ. ಪ್ರತಿ ಸಲವೂ ಗೆದ್ದದ್ದು ಅವರೇ. ಆ ಟಕ್ ಟಕ್ ಕೇಳುವಾಗ ಅವರ ಮುಖ ಎಷ್ಟು ಸಮಾಧಾನದಲ್ಲಿ ಇರುತ್ತಿತ್ತೆಂದರೆ, ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿನ ಕೆಳಗೆ ಭಯವೂ ಇತ್ತು. ನನ್ನ ಗಂಡ ನನ್ನನ್ನು ಯಾಕೆ ಒಳಗೆ ಬಿಡುತ್ತಿಲ್ಲ? ಒಳಗೆ ಏನಿದೆ?

ಸೇಡಂನವನಿಗೆ ಫೋನ್ ಮಾಡಿದೆ. ಡ್ರೈವರ್ ತೆಗೆದು ಹೊಸದು ಹಾಕಲು ಹೇಳಿದ. ಡ್ರೈವರ್ ಅಂದರೆ ಕಾರ್ಡಿಗೂ ಕಂಪ್ಯೂಟರಿಗೂ ನಡುವಿನ ದುಭಾಷಿ ಅಂತೆ. ಫೋನ್ ಕಿವಿಗಿಟ್ಟುಕೊಂಡು ಅವನು ಹೇಳಿದ್ದನ್ನೆಲ್ಲ ಮಾಡಿದೆ. ದುಭಾಷಿ ಬದಲಾದ, ಪರದೆ ಕಪ್ಪಾಗುವುದು ಬದಲಾಗಲಿಲ್ಲ. ಕೊನೆಗೆ ಯಂತ್ರವನ್ನೇ ಚಾದರದಲ್ಲಿ ಕಟ್ಟಿಕೊಂಡು ಸೇಡಂ ಕಡೆಯ ರೈಲು ಹತ್ತಿದೆ. ಚಿತ್ತಾಪುರ ದಾಟುವಾಗ ಎದುರು ಕೂತ ಹೆಂಗಸು, "ಅದೇನವ್ವ ಅಷ್ಟು ಜ್ವಾಕಿಲೆ ಹಿಡ್ಕೊಂಡೀದಿ?" ಅಂತ ಕೇಳಿದಳು. "ನಮ್ಮ ಮನ್ಯಾಗಿನವರದು," ಅಂದೆ. ಕುಂಕುಮವಿಲ್ಲದ ನನ್ನ ಹಣೆ ನೋಡಿ ಆಕೆ ಕಾಲು ಹಿಂದಕ್ಕೆ ಎಳೆದುಕೊಂಡಳು.

ಅಂಗಡಿಯಲ್ಲಿ ಅವನು ಒಂದು ಬದಿಯ ತಗಡು ಬಿಚ್ಚಿ, ಗಾಳಿ ಊದುವ ಯಂತ್ರದಿಂದ ಧೂಳು ಊದಿದ. ವಿದ್ಯುತ್ ಹಂಚುವ ಪೆಟ್ಟಿಗೆ ಬದಲಿಸಿ ನೋಡಿದ. ಏಸಿ ಹಾಕಿದ ಆ ಖೋಲಿಯಲ್ಲಿ ಬೇರೆ ಆಟ ಹಚ್ಚಿದ, ಪರೀಕ್ಷೆ ಹಚ್ಚಿದ. ಯಂತ್ರ ಕಮಕ್ ಕಿಮಕ್ ಅನ್ನಲಿಲ್ಲ. "ಇದಕ್ಕೇನೂ ಆಗಿಲ್ರಿ ವೈನಿ," ಅಂದ. ವಾಡಿಗೆ ತಂದು ತಗಡು ಮುಚ್ಚಿ ಹಚ್ಚಿದೆ. ಸೇತುವೆ, ಹುಯ್ಯೆಂಬ ಸದ್ದು, ಕತ್ತಲು, ಟಕ್ ಟಕ್ ಟಕ್.

"ಅವ ಸೇಡಂದಾಗ ಯಾಕ ಇರ್ತಾನ?" ಅಂದರು ಅತ್ತೆ. "ಅವನ ಮನಿ ಇಲ್ಲೇ ಅದ."

ಆ ಮಾತು ನನ್ನ ನಿದ್ದೆ ಕೆಡಿಸಿತು. ಆಸ್ಪತ್ರೆಯಲ್ಲಿ ಕೂತು ಕೆಲಸ ಮಾಡುವಾಗಲೂ ಕಿವಿಯಲ್ಲಿ ಆ ಹೆಜ್ಜೆ. ಆದರೆ ನನ್ನ ಕೆಲಸವೇ ನನಗೆ ಬುದ್ಧಿ ಹೇಳಿತು. ರೋಗಿ ತಣ್ಣಗಿನ ಕಡೆ ಆರಾಮ, ಮನೆಯಲ್ಲಿ ಕಾಯಿಲೆ ಅಂದರೆ ಮೊದಲು ಜ್ವರ ನೋಡಬೇಕು. ಗೆಳೆಯನನ್ನು ಕೇಳಿ, ಕಾರ್ಡಿನ ಬಿಸಿ ಎಷ್ಟು ಅಂತ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿಕೊಂಡೆ. ತೇಗದ ಕಾಡಲ್ಲಿ ಅಂಕಿ ಏರತೊಡಗಿತು. ಕೆರೆ ಬಂತು, ನೀರಲ್ಲಿ ಗಿಡಗಳ ನೆರಳು, ಮನೆಯ ನೆರಳು, ಅಂಕಿ ಓಡಿತು. ಬಾಗಿಲ ಹತ್ತಿರ ಅದು ಹಾಲು ಉಕ್ಕುವಂತೆ ಉಕ್ಕಿ, ಎಲ್ಲ ಕಪ್ಪಾಯಿತು.

ಅವನಿಗೆ ಫೋನ್ ಮಾಡಿ ಹೇಳಿದೆ. "ನೀರಿನಾಗ ನೆರಳು ಬರೀಲಿಕ್ಕೆ ಕಾರ್ಡಿಗೆ ಭಾಳ ಕೆಲಸರಿ," ಅಂದ. "ಬಿಸಿ ಹೊರಗ ಹೋಗವಲ್ದು. ಮ್ಯಾಲಿನ ಧೂಳು ನಾ ಊದೀನಿ, ಒಳಗ ಬಿಚ್ಚಿ ನೋಡಿದ್ದಿಲ್ಲ. ನಾನೇ ಬರ್ತೀನಿ."

ಮುಂದಿನ ಭಾನುವಾರ ಮಧ್ಯಾಹ್ನ ಬಂದು ಪಡಸಾಲೆಯಲ್ಲಿ ಪೇಪರ್ ಹಾಸಿ ಕೂತ. ಕಾರ್ಡನ್ನು ಹೊರತೆಗೆದು, ಫ್ಯಾನಿನ ಕವಚದ ಸ್ಕ್ರೂ ಬಿಚ್ಚಿದ. ಕೆಳಗೆ ಬಿಸಿ ಬಿಡುವ ಸಣ್ಣ ಸಣ್ಣ ಲೋಹದ ಪಟ್ಟಿಗಳ ಸಾಲು ಇರಬೇಕಿತ್ತು. ಪಟ್ಟಿಗಳ ನಡುವಿನ ಸಂದೆಲ್ಲ ಬೂದು ಬಣ್ಣದ್ದೇನೋ ಮೆತ್ತಿಕೊಂಡಿತ್ತು. ಅವನು ಉಗುರಿನಿಂದ ಕೆರೆದ. ಉದುರಲಿಲ್ಲ.

"ಇದು ಧೂಳಲ್ರಿ ವೈನಿ. ಗಚ್ಚು ಆಗ್ಯಾದ. ಇದರ ಮ್ಯಾಲ ನೀರು ಬಿದ್ದಿತ್ತೇನು?"

ನೀರು ಬೀಳಲಿಕ್ಕೆ ಹೇಗೆ ಸಾಧ್ಯ ಅನ್ನಲು ಬಾಯಿ ತೆರೆದೆ. ವಾಡಿಯ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ: ಧೂಳನ್ನು ಮೊದಲು ಒಣಗಿದ್ದಾಗಲೇ ಕೊಡವಬೇಕು, ನೀರು ಸೋಕಿಸಿದರೆ ಕಲ್ಲಾಗುತ್ತದೆ. ಕಿಟಕಿಗೆ ಹಸಿ ಬಟ್ಟೆ ಹಚ್ಚಿದವರನ್ನು ನಾನೇ ಬೈದಿದ್ದೇನೆ. ಅಷ್ಟರಲ್ಲಿ ಸೂತಕ ಕಳೆಯುವ ದಿನ ಕಣ್ಣಿಗೆ ಬಂತು. ಮನೆಯೆಲ್ಲ ತೊಳೆಯಲೆಂದು ಸಾಮಾನು ಅಂಗಳಕ್ಕೆ ಹಾಕಿದ್ದರು. ನನ್ನ ಗಂಡ ಮುಟ್ಟಿ ಬಳಸಿದ್ದನ್ನೆಲ್ಲ ಒಂದೇ ಹಗ್ಗದ ಹೊರಸಿನ ಮೇಲೆ ಇಟ್ಟಿದ್ದರು: ಅಂಗಿಗಳು, ಟಾರ್ಚು, ಕನ್ನಡಕ, ಅಡ್ಡಲಾಗಿ ಮಲಗಿಸಿದ ಈ ಕಂಪ್ಯೂಟರ್. ಅತ್ತೆ ತಂಬಿಗೆಯ ನೀರಿಗೆ ಗೋಮೂತ್ರ ಬೆರೆಸಿ, ಮಾವಿನ ಎಲೆ ಅದ್ದಿ ಚಿಮುಕಿಸಿದರು. ಮಗ ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆದದ್ದು ಇದರ ಮುಂದೆಯೇ ಅಂತ ಇದಕ್ಕೆ ಹೆಚ್ಚು ನೀರು. ಆಮೇಲೆ ತಂಬಿಗೆ ಕೈಯಿಂದ ಕೈಗೆ ಹೋಯಿತು. ನನ್ನ ಕೈಗೂ ಬಂತು. ಯಾರಿಗೂ ಅದು ಧೂಳು ತುಂಬಿದ ಯಂತ್ರ ಅಂತ ಹೊಳೆಯಲಿಲ್ಲ. ಅವರು ಸುಖವಾಗಿ ಹೋಗಲಿ, ತಿರುಗಿ ನೋಡದಿರಲಿ ಅಂತ ಹಾಕಿದ ನೀರು ಅದು.

"ನಾ ಹಾಕಿದ ನೀರೇನು?" ಅತ್ತೆ ಗೋಡೆ ಹಿಡಿದುಕೊಂಡು ಕೇಳಿದರು.

"ಎಲ್ಲಾರೂ ಹಾಕೀವ್ರಿ ಅತ್ತಿ," ಅಂದೆ.

ಅವನು ಸೂಜಿ ಮತ್ತು ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದೇ ಸಂದು ಬಿಡಿಸಿದ. ನಾನು ಟಾರ್ಚ್ ಹಿಡಿದು ಕೂತೆ. ಪೇಪರಿನ ಮೇಲೆ ಬೂದು ಚೂರುಗಳು ಬೀಳುತ್ತಿದ್ದವು. ಕಾರ್ಡಿನ ಚಿಪ್ ಮೇಲೆ ಒಣಗಿಹೋಗಿದ್ದ, ಬಿಸಿ ಸಾಗಿಸುವ ಲೇಪ ಒರೆಸಿ ಹೊಸದು ಹಚ್ಚಿ, ಮತ್ತೆ ಜೋಡಿಸಿದ. ನಾನು ಪೇಪರ್ ಮುದ್ದೆ ಮಾಡಿ ಕಸಕ್ಕೆ ಒಯ್ಯಲು ಎದ್ದೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಚೂರು ಚೆಲ್ಲದಂತೆ ನಾಲ್ಕು ಮೂಲೆ ಮಡಚಿ ಮಡಿಲಲ್ಲಿ ಇಟ್ಟುಕೊಂಡರು. ಗೆಳೆಯ ನನ್ನ ಮುಖ ನೋಡಿದ. ರೈಲಿನ ಹೊತ್ತಾಯಿತು ಅಂತ ಅವನು ಹೊರಟ.

ನಾವಿಬ್ಬರೇ ಉಳಿದೆವು. ಹಚ್ಚಿದೆ. ಕಾಡು, ಕೆರೆ, ನೆರಳು. ಅಂಕಿ ಸ್ವಲ್ಪ ಏರಿ ಅಲ್ಲೇ ನಿಂತಿತು. ಫ್ಯಾನುಗಳು ಮೆಲ್ಲಗೆ ತಿರುಗುತ್ತಿದ್ದವು. ಸೇತುವೆಯ ಕೊನೆಯ ಹಲಗೆ ದಾಟಿದೆ. ನೀಲಿ ಬಾಗಿಲು ಮುಟ್ಟಿದೆ. ಅದು ತೆರೆದುಕೊಂಡಿತು.

ಒಳಗೆ ಹುಲ್ಲು. ಹಿಂದಿನ ಗೋಡೆ ಇಲ್ಲ, ಖೋಲಿ ಇಲ್ಲ, ಅರ್ಧ ಮಾಡಿಗೆ ಹೆಂಚೂ ಇಲ್ಲ, ಆಕಾಶ ಕಾಣುತ್ತಿತ್ತು. ಮೂಲೆಯಲ್ಲಿ ಒಂದಷ್ಟು ಹಲಗೆ ಪೇರಿಸಿಟ್ಟಿದ್ದರು. ದಾರಿಯಿಂದ ನೋಡಿದರೆ ಮನೆ, ಒಳಗೆ ಬಂದರೆ ಬಯಲು. ಯಾರನ್ನೂ ಒಳಗೆ ಬಿಡದಿದ್ದದ್ದು ಇದಕ್ಕೇ. ಇನ್ನೂ ಟೈಮ್ ಇದೆ ಅಂದುಕೊಂಡಿದ್ದರು, ಅಷ್ಟೇ. ಇಷ್ಟು ದಿನ ಅವರು ಬಾಗಿಲಲ್ಲಿ ನಿಂತು ನನ್ನನ್ನು ತಡೆಯುತ್ತಿದ್ದಾರೆ ಅಂತ ಹೆದರಿದ್ದೆನಲ್ಲ, ಯಾರೂ ನಿಂತಿರಲಿಲ್ಲ. ಆ ಭಯ ಹೋದದ್ದಕ್ಕೆ ನನಗೆ ಸಂತೋಷವಾಗಲಿಲ್ಲ.

ಅತ್ತೆ ಕಿವಿಗೊಟ್ಟು ಕೂತಿದ್ದರು.

"ಆ ಟಕ್ ಟಕ್ ಸಪ್ಪಳ ಬರ್ಲಿಲ್ಲಲ್ಲವ್ವ?"

"ಇನ್ನ ಬರಂಗಿಲ್ರಿ. ರಿಪೇರಿ ಆಯ್ತು."

"ಮತ್ತ ಅವ?"

ಹೊರಗೆ ಸಂಜೆಯಾಗುತ್ತಿತ್ತು. ಅತ್ತೆ ಕಿಟಕಿಯ ಕಡೆ ನೋಡಿ, "ದೀಪ ಹಚ್ಚೋ ಹೊತ್ತಾತು, ಬಂದ್ ಮಾಡು," ಅಂದರು. ನಾನು ಕೈ ಚಾಚಿದೆ. ಇಲ್ಲಿಯವರೆಗೆ ಅದು ತಾನಾಗಿಯೇ ಆರುತ್ತಿತ್ತು. ನಾವು ಆರಿಸಬೇಕಾಗಿ ಬಂದದ್ದು ಇದೇ ಮೊದಲು. ಚಾಚಿದ ಕೈ ಹಿಂದಕ್ಕೆ ಬಂತು.

"ನೀವೇ ಮಾಡ್ರಿ ಅತ್ತಿ."

"ನನ್ನ ಕೈಲೆ ಆಗಂಗಿಲ್ಲವ್ವ," ಅಂದರು.

ಪರದೆ ಬೆಳಗುತ್ತಲೇ ಇತ್ತು. ಅರ್ಧವೇ ಕಟ್ಟಿದ ಆ ಮನೆಯ ಎದುರು ನಾವಿಬ್ಬರೂ ದೀಪ ಹಚ್ಚದೆ ಕೂತಿದ್ದೆವು.