ಉರಿಯದ ಪಟಿಕ

ನಮ್ಮ ಭಾವನದು ಒಂದೇ ಕುರ್ಚಿಯ ಕಟಿಂಗ್ ಶಾಪು. ಮೂವತ್ತೊಂದು ವರ್ಷದಿಂದ ಅದೇ ಕುರ್ಚಿ, ಅದೇ ಕನ್ನಡಿ. ಕುರ್ಚಿಯ ಹಿಂದೆ ಅವರು ನಿಂತೂ ನಿಂತೂ ನೆಲ ಸವೆದುಹೋಗಿದೆ. ಯಾರೇ ಬಂದು ಕೂತರೂ ಕತ್ತಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿಯೇ ಅವರು ಕೆಲಸ ಶುರುಮಾಡುತ್ತಿದ್ದುದು. ಒತ್ತಿದರೆ ಸಾಕು, ಆ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಾನೆಂದು ಹೇಳಿಬಿಡುತ್ತಿದ್ದರು. ದರ್ಜಿಗಳಿಗೆ ಕತ್ತಿನ ಬುಡದಲ್ಲಿ ಗಂಟು. ಹಲ್ಲಿನ ಡಾಕ್ಟರಿಗೆ ಒಂದೇ ಪಕ್ಕ, ಬಗ್ಗಿ ನೋಡುವ ಕಡೆ. ಒಮ್ಮೆ ಟೈ ಕಟ್ಟಿಕೊಂಡು ಬಂದವನೊಬ್ಬ ತಾನು ಮ್ಯಾನೇಜರ್ ಎಂದು ಗತ್ತು ತೋರಿಸಿದ. ಭಾವ ಅವನ ಹೆಗಲು ಒತ್ತಿದವರೇ, "ಮೂಟೆ ಹೊರೋದು ಬಿಟ್ಟು ಎಷ್ಟು ವರ್ಷ ಆಯ್ತು ಸಾರ್?" ಅಂದರು. ಅವನು ಕನ್ನಡಿಯಲ್ಲಿ ಭಾವನನ್ನೇ ದುರುಗುಟ್ಟಿ ನೋಡಿದ. ಆಮೇಲೆ ನಕ್ಕು, "ಆರು" ಅಂದ.

ನಾನು ಬಸ್ ಡ್ರೈವರ್. ನನ್ನ ಸೊಂಟದ ಕಥೆ ಹೇಳುತ್ತಾ ಕೂತರೆ ಮುಗಿಯುವುದಿಲ್ಲ, ಬಿಡಿ. ಭಾವನ ಕುರ್ಚಿಯಲ್ಲಿ ಕೂತು, ಚೆನ್ನಾಗಿದ್ದೀನಿ ಎಂದು ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರೂ ಇರಲಿಲ್ಲ. ಅಷ್ಟು ಗೊತ್ತಾದರೆ ಸಾಕು.

ಅಕ್ಕ ಲಾಂಡ್ರಿಯೊಂದರಲ್ಲಿ ಹತ್ತೊಂಬತ್ತು ವರ್ಷ ಇಸ್ತ್ರಿ ಮಾಡಿದಳು. ದಿನವಿಡೀ ನಿಂತೇ ಇರಬೇಕು, ಲಾಡ್ಜಿನ ಬೆಡ್‌ಶೀಟುಗಳು ಮುಗಿಯುತ್ತಲೇ ಇರಲಿಲ್ಲ. ಸೊಂಟದ ಬಲಗಡೆ, ಮೂಳೆಯಿಂದ ಎರಡು ಬೆರಳು ಮೇಲೆ ನೋವು ಬಂದು ಮನೆಮಾಡಿಕೊಂಡಿತು. ಬೆಳಿಗ್ಗೆ ಗೋಡೆ ಹಿಡಿಯದೆ ಏಳಲು ಆಗದಂಥ ಸ್ಥಿತಿಗೆ ಬಂದಾಗ ಭಾವ ಹಟ ಹಿಡಿದು ಕೆಲಸ ಬಿಡಿಸಿದರು. "ನನ್ನ ಕೈ ಗಟ್ಟಿಯಾಗಿರೋ ತನಕ ನೀನು ಇಸ್ತ್ರಿ ಪೆಟ್ಟಿಗೆ ಮುಟ್ಟಬಾರದು" ಅಂದರು. ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಅವಳ ಸೊಂಟ ಒತ್ತುತ್ತಿದ್ದರು. ಎಲ್ಲಿ ಎಂದು ಕೇಳುತ್ತಿರಲಿಲ್ಲ. ಹೆಬ್ಬೆರಳು ನೇರ ಆ ಜಾಗಕ್ಕೇ ಹೋಗುತ್ತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು "ಹಾಂ" ಅನ್ನುತ್ತಿದ್ದಳು.

ಹೋದ ವರ್ಷ ಭಾವನ ಕೈಬೆರಳಿಗೆ ಜೋಮು ಹಿಡಿಯಲು ಶುರುವಾಯಿತು. ಮೊದಲು ಕೈ ಒದರಿದರೆ ಹೋಗುತ್ತಿತ್ತು. ಆಮೇಲೆ ಒದರಿದರೂ ಹೋಗಲಿಲ್ಲ. ಕೈಯಿಂದ ಲೋಟ ಜಾರಿದಾಗ ಅಕ್ಕ, "ಏನ್ರೀ, ಗಿರಾಕಿಗಳ ತಲೆಗೆ ಹಚ್ಚೋ ಎಣ್ಣೆ ಎಲ್ಲಾ ನಿಮ್ಮ ಕೈಗೇ ಹಚ್ಕೊಂಡು ಬರ್ತೀರಾ?" ಎಂದು ರೇಗಿಸಿದಳು. ಭಾವ ನಕ್ಕರು. ಮಾರನೆಯ ದಿನ ನನ್ನನ್ನು ಕರೆದುಕೊಂಡು ಗುಟ್ಟಾಗಿ ಡಾಕ್ಟರ ಬಳಿ ಹೋದರು.

ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿದೆ, ಎರಡು ಕೈಯಲ್ಲೂ, ಅಂದರು ಡಾಕ್ಟರು. ಮೂವತ್ತು ವರ್ಷ ಕತ್ತರಿ ಆಡಿಸಿದ್ದರ ಫಲ. ಆಪರೇಷನ್ ಮಾಡಬಹುದು, ಆದರೆ ತಡವಾಗಿದೆ, ಹೋದ ಸ್ಪರ್ಶ ವಾಪಸ್ ಬರುತ್ತದೆಂದು ಮಾತು ಕೊಡಲಾರೆ ಅಂದರು.

ಹೊರಗೆ ಬಂದು ಭಾವ ಹೇಳಿದರು: "ನಿಮ್ಮಕ್ಕನಿಗೆ ಬಾಯಿ ಬಿಡಬೇಡ ಕಣಯ್ಯಾ. ಗೊತ್ತಾದ್ರೆ ನಾಳೇನೇ ಲಾಂಡ್ರಿ ಬಾಗಿಲಲ್ಲಿ ನಿಂತಿರ್ತಾಳೆ."

ನಾನು ತಲೆ ಆಡಿಸಿದೆ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರಬೇಕು. ಏನೂ ಬರುವುದಿಲ್ಲ.

ಭಾವ ಕತ್ತು ಒತ್ತುವುದನ್ನು ಬಿಡಲಿಲ್ಲ. ಹಳೆಯ ಗಿರಾಕಿಗಳಿಗೆ ನೆನಪಿನಿಂದಲೇ ಹೇಳುತ್ತಿದ್ದರು. ಹೊಸಬರ ಬಟ್ಟೆ, ಚಪ್ಪಲಿ ನೋಡಿ ಅಂದಾಜು ಹೊಡೆಯುತ್ತಿದ್ದರು. ಗಡ್ಡ ಹೆರೆದ ಮೇಲೆ ಕೆನ್ನೆಯ ಮೇಲೆ ಹೆಬ್ಬೆರಳಾಡಿಸಿ ಎಲ್ಲಾದರೂ ಕೂದಲು ಉಳಿದಿದೆಯಾ ಎಂದು ನೋಡುವುದು ಅವರ ಪದ್ಧತಿ. ಕಣ್ಣಿಗಿಂತ ಬೆರಳನ್ನೇ ನಂಬಿದವರು. ಈಗಲೂ ಬೆರಳಾಡಿಸುತ್ತಿದ್ದರು. ದವಡೆಯ ಕೆಳಗೆ ಒಂದೊಂದು ಗೆರೆ ಕೂದಲು ಹಾಗೇ ಉಳಿಯುತ್ತಿತ್ತು. ಕೆಲವರು ಬರುವುದನ್ನು ಬಿಟ್ಟರು.

ಒಂದು ಮಧ್ಯಾಹ್ನ ನಾನು ಕೂತಿದ್ದೆ. ಮುಖದ ತುಂಬ ನೊರೆ. ಭಾವ ಎಡ ಹೆಬ್ಬೆರಳಿನಿಂದ ನನ್ನ ಕೆನ್ನೆಯ ಚರ್ಮ ಬಿಗಿ ಹಿಡಿದು ಬಲಗೈಯಲ್ಲಿ ಕ್ಷೌರದ ಕತ್ತಿ ಎಳೆದರು. ಬಿಳಿ ನೊರೆ ಕೆಂಪಗಾಯಿತು.

"ಅಯ್ಯೋ, ಗಾಯ ಮಾಡ್ಬಿಟ್ನಲ್ಲೋ!" ಎಂದು ಭಾವ ಕತ್ತಿ ಇಟ್ಟು, ರಕ್ತ ನಿಲ್ಲಿಸುವ ಪಟಿಕವನ್ನು ನೀರಿಗೆ ಅದ್ದಿ ನನ್ನ ಕೆನ್ನೆಗೆ ತಿಕ್ಕಿದರು. ನನಗೆ ಉರಿಯಲಿಲ್ಲ. ಒರೆಸಿದರು, ಮತ್ತೆ ಕೆಂಪಾಯಿತು. ಇನ್ನೂ ಜೋರಾಗಿ ತಿಕ್ಕಿದರು.

"ಭಾವ, ನನಗೇನೂ ಉರೀತಾ ಇಲ್ಲ."

"ಸುಮ್ನಿರು, ಇಷ್ಟು ರಕ್ತ ಬರ್ತಿದೆ…"

ನಾನು ಕನ್ನಡಿಯಲ್ಲಿ ನೋಡಿದೆ. ರಕ್ತ ಬರುತ್ತಿದ್ದದ್ದು ಅವರ ಹೆಬ್ಬೆರಳಿನಿಂದ. ಉಗುರಿನ ಪಕ್ಕದಲ್ಲಿ ಆಳವಾಗಿ ಸೀಳಿತ್ತು. ನಾನು ಆ ಕೈ ಹಿಡಿದು ಅವರ ಕಣ್ಣೆದುರಿಗೆ ತಂದೆ. ಭಾವ ಅದನ್ನು ನೋಡಿದರು. ಆಮೇಲೆ ಪಟಿಕವನ್ನು ಗಾಯದ ಮೇಲಿಟ್ಟು ಒತ್ತಿದರು, ಒತ್ತಿ ಹಿಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನಿನ್ನ ಕತ್ತಿನ ಮೇಲೆ ಆಗಿದ್ರೆ?" ಅಂದರು. ಕತ್ತಿ ತೊಳೆದು, ಒರೆಸಿ, ಮಡಚಿ ಡ್ರಾಯರಿನಲ್ಲಿಟ್ಟರು. ಉಳಿದರ್ಧ ಗಡ್ಡ ನಾನೇ ಹೆರೆದುಕೊಂಡೆ.

ಅಕ್ಕನಿಗೆ ನಾನೇ ಹೇಳಿದೆ. ಅವಳು ಬಾಗಿಲ ಹಿಂದೆ ನೇತುಹಾಕಿದ್ದ ಹಳೆಯ ಏಪ್ರನ್ ತೆಗೆದು ನೀರಲ್ಲಿ ನೆನೆಹಾಕಿದಳು. ಸೋಮವಾರದಿಂದ ಲಾಂಡ್ರಿಗೆ ಹೋದಳು.

ಆ ವಾರದ ಕೊನೆಯಲ್ಲಿ ನಾನು ಅವರ ಮನೆಗೆ ಹೋದಾಗ ಸಂಜೆ. ಅಕ್ಕ ಆಗತಾನೆ ಬಂದು ಮಂಚದ ಮೇಲೆ ಬೋರಲು ಮಲಗಿದ್ದಳು, ಕಾಲಿನ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಭಾವ ಚಪ್ಪಲಿ ಬಿಚ್ಚಿ ಕೆಳಗಿಟ್ಟು, ಪಕ್ಕದಲ್ಲಿ ಕೂತರು. ಬಟ್ಟೆ ಸುತ್ತಿದ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈ ಹೆಬ್ಬೆರಳಿನಿಂದ ಅವಳ ಬೆನ್ನು ತಡವಿದರು. ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು. ಕೊನೆಗೆ ಒಂದು ಕಡೆ ನಿಲ್ಲಿಸಿದರು. ಎಡಗಡೆ, ಸೊಂಟಕ್ಕಿಂತ ಒಂದು ಗೇಣು ಮೇಲೆ.

"ಇಲ್ಲೇ ತಾನೆ?" ಎಂದು ಕೇಳಿದರು.

ಅಕ್ಕ ನನ್ನ ಕಡೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

"ಹಾಂ, ಅಲ್ಲೇ ರೀ" ಅಂದಳು.